ಮಗು ಇಲ್ಲದ ಬಾಣಂತನ

ಮಗು ಹೊಟ್ಟೆಯಲ್ಲೇ ತೀರಿಹೋಗಿದ್ದರೂ ಹೆರಿಗೆಯಾದ ಮೇಲೆ ಎದೆಯಲ್ಲಿ ಹಾಲು ಬರುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಆಸ್ಪತ್ರೆಯಿಂದ ಹೊರಡುವಾಗ ಕೊಟ್ಟ ಕಾಗದದಲ್ಲಿ ಕಬ್ಬಿಣದ ಮಾತ್ರೆ ಇತ್ತು, ಹೊಲಿಗೆ ತೋರಿಸಲು ಯಾವಾಗ ಬರಬೇಕು ಅಂತ ಇತ್ತು, ಮುಂದಿನ ಬಸಿರಿಗೆ ಎಷ್ಟು ತಿಂಗಳು ಕಾಯಬೇಕು ಅನ್ನುವುದೂ ಇತ್ತು. ಹಾಲಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ನಮ್ಮಂಥವರ ದುಃಖದ ಬಗ್ಗೆ ಮಾತಾಡುವವರು ಮನಸ್ಸಿನ ವಿಷಯ ಮಾತ್ರ ಮಾತಾಡುತ್ತಾರೆ. ಈ ಮೈ ಒಂದು ಮಗುವನ್ನು ಹೆತ್ತಿದೆ, ಇದಕ್ಕೂ ಆರೈಕೆ ಬೇಕು ಅನ್ನುವುದು ಎಲ್ಲರಿಗೂ ಮರೆತುಹೋಗುತ್ತದೆ. ನಾನು ಚೇತರಿಸಿಕೊಳ್ಳಲು ಶುರುವಾಗಿದ್ದು ಆ ಆರೈಕೆಯಿಂದ. ಅದಕ್ಕೇ ಅದನ್ನು ಮೊದಲು ಹೇಳಿದೆ.

ಇದು 2023ರ ಮಾತು. ನನಗೆ ಎಂಟನೇ ತಿಂಗಳು. ತೀರ್ಥಹಳ್ಳಿಯ ತವರುಮನೆಯಲ್ಲಿ ಸೀಮಂತ ಮುಗಿಸಿಕೊಂಡು ಬೆಂಗಳೂರಿಗೆ ಬಂದಿದ್ದೆ. ಕೈಯಲ್ಲಿ ಹಸಿರು ಬಳೆ ಇನ್ನೂ ಇದ್ದವು. ಒಂದು ದಿನ ಬೆಳಿಗ್ಗೆಯಿಂದ ಮಗು ಆಡುವುದು ಕಡಿಮೆ ಅನ್ನಿಸಿತು. ಮಧ್ಯಾಹ್ನಕ್ಕೆಲ್ಲ ಆಸ್ಪತ್ರೆಯಲ್ಲಿದ್ದೆವು. ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರು ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಇನ್ನೊಬ್ಬ ಡಾಕ್ಟರನ್ನು ಕರೆದರು. ಮಗುವಿನ ಎದೆಬಡಿತ ನಿಂತಿತ್ತು.

ಆಪರೇಷನ್ ಮಾಡಿ ಬೇಗ ಮುಗಿಸಿಬಿಡಿ ಅಂತ ನಾನು ಬೇಡಿಕೊಂಡೆ. ಡಾಕ್ಟರು ಒಪ್ಪಲಿಲ್ಲ. ಇಂಥ ಸಮಯದಲ್ಲಿ ಸಹಜ ಹೆರಿಗೆಯೇ ತಾಯಿಗೆ ಒಳ್ಳೆಯದು, ಸಿಸೇರಿಯನ್ ಆದರೆ ಗಾಯ ಮಾಯಲು ಜಾಸ್ತಿ ದಿನ ಬೇಕು, ಮುಂದಿನ ಬಸಿರಿಗೂ ತೊಂದರೆ ಆಗಬಹುದು ಎಂದು ಕೂತು ವಿವರಿಸಿದರು. ಆಗ ಅದು ಕ್ರೂರ ಅನ್ನಿಸಿತು. ಈಗ ಅವರು ಹೇಳಿದ್ದು ಸರಿ ಅನ್ನಿಸುತ್ತದೆ. ಹೆರಿಗೆ ನೋವು ಬರಿಸಲು ಮೊದಲು ಮಿಫೆಪ್ರಿಸ್ಟೋನ್, ಆಮೇಲೆ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು. ನೋವು ಬಂತು. ಪಕ್ಕದ ಕೋಣೆಯಲ್ಲಿ ಬೇರೆ ಮಕ್ಕಳು ಹುಟ್ಟುತ್ತಿದ್ದವು, ಅಳುತ್ತಿದ್ದವು. ನನ್ನನ್ನು ಹೆರಿಗೆ ವಾರ್ಡಿನಲ್ಲೇ ಇಟ್ಟಿದ್ದರು. ಅದೊಂದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಹೆಣ್ಣು ಮಗು. ನಮ್ಮತ್ತೆ ಬಾಗಿಲಲ್ಲೇ ನಿಂತು, "ನೋಡಬೇಡ, ನೋಡಿದರೆ ಮರೆಯೋಕೆ ಆಗಲ್ಲ" ಎಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ ಅಲ್ಲಿದ್ದ ಹಿರಿಯ ಸ್ಟಾಫ್ ನರ್ಸ್ ಒಬ್ಬರು ನನ್ನ ಹತ್ತಿರ ಬಗ್ಗಿ, "ನಿಮಗೆ ನೋಡಬೇಕು ಅನ್ಸಿದ್ರೆ ನೋಡಿ. ಬೇಡ ಅನ್ಸಿದ್ರೂ ಸರಿ. ಅವಸರ ಇಲ್ಲ, ನಾನು ಕಾಯ್ತೀನಿ" ಅಂದರು. ನಾನು ಕೈ ಚಾಚಿದೆ. ಅವರು ಮಗುವನ್ನು ಒರೆಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ತಲೆತುಂಬ ಕೂದಲಿತ್ತು. ಮೂಗು ಇವರದ್ದು. ಮೈ ಇನ್ನೂ ಬೆಚ್ಚಗಿತ್ತು, ಅದು ನನ್ನದೇ ಬಿಸಿ. ಇವರೂ ಎತ್ತಿಕೊಂಡರು. ಆ ನರ್ಸ್ ಕೇಸ್ ಶೀಟಿಗೆ ಪಾದದ ಗುರುತು ತೆಗೆಯುವಾಗ ಇನ್ನೊಂದು ಕಾಗದದ ಮೇಲೂ ಒತ್ತಿ ನಮಗೆ ಕೊಟ್ಟರು. ಯಾರೂ ಹಾಗೆ ಮಾಡಿ ಅಂತ ಅವರಿಗೆ ಹೇಳಿರಲಿಲ್ಲ. ಹೆರಿಗೆ ಮಾಡಿಸಿದವರಿಗೆ ಸೀಮಂತದ ಬಳೆ ಕೊಡುವುದು ನಮ್ಮ ಕಡೆಯ ರೂಢಿ. ನಾನು ಬಳೆ ಬಿಚ್ಚಿ ಅವರಿಗೇ ಕೊಟ್ಟೆ. ಅವರು ಬೇಡ ಅನ್ನಲಿಲ್ಲ.

ಎಲ್ಲರೂ ಮಗುವನ್ನು ನೋಡಲೇಬೇಕು ಅಂತ ನಾನು ಹೇಳುತ್ತಿಲ್ಲ. ನೋಡದೆ ಇರುವುದು ಕೆಲವರಿಗೆ ಸರಿಯಾಗಿರುತ್ತದೆ. ಆದರೆ ತಾಯಿಯನ್ನು ಕೇಳಬೇಕು. ಕೇಳದೆ ಎತ್ತಿಕೊಂಡು ಹೋಗಬಾರದು.

ಮಗುವನ್ನು ಮಣ್ಣು ಮಾಡಲು ಇವರು, ನಮ್ಮ ಮಾವ, ಇವರ ಒಬ್ಬ ಗೆಳೆಯ ಹೋದರು. ಹಲ್ಲು ಮೂಡದ ಕೂಸನ್ನು ಸುಡುವುದಿಲ್ಲ. ಹೆಂಗಸರು ಅಲ್ಲಿಗೆ ಹೋಗುವುದೂ ಇಲ್ಲ, ನಾನಂತೂ ಹಾಸಿಗೆಯಲ್ಲಿದ್ದೆ. ನಮ್ಮ ಮನೆಯ ಪುರೋಹಿತರನ್ನು ಕೇಳಿದ್ದಕ್ಕೆ, ಕ್ರಿಯೆ ಏನೂ ಇಲ್ಲ, ಸ್ನಾನ ಮಾಡಿದರೆ ಸಾಕು ಎಂದರಂತೆ. ಶಾಸ್ತ್ರದ ಪ್ರಕಾರ ಅವರು ಹೇಳಿದ್ದು ಸರಿಯೇ ಇರಬಹುದು. ಆದರೆ ಹನ್ನೊಂದನೇ ದಿನ ಅಂತ ಒಂದಿಲ್ಲ, ತಿಥಿ ಅಂತ ಒಂದಿಲ್ಲ, ಮನೆಗೆ ಬಂದು ಕೂರುವವರೂ ಇಲ್ಲ. ಅಜ್ಜ ತೀರಿಕೊಂಡಾಗ ಆ ಗಲಾಟೆಯೇ ನಮ್ಮನ್ನು ಹಿಡಿದು ನಿಲ್ಲಿಸಿತ್ತು. ಈ ಸಲ ಅಂಥದ್ದೇನೂ ಇರಲಿಲ್ಲ.

ಸರ್ಕಾರದ ಲೆಕ್ಕದಲ್ಲಿ ಮಾತ್ರ ಒಂದು ಜಾಗ ಇತ್ತು. ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಅದರಲ್ಲಿ ಹುಟ್ಟಿದ್ದಕ್ಕೆ ಒಂದು ನಮೂನೆ, ತೀರಿಕೊಂಡಿದ್ದಕ್ಕೆ ಒಂದು, ಸತ್ತು ಹುಟ್ಟಿದ್ದಕ್ಕೆ ಮೂರನೆಯದು. ಆಸ್ಪತ್ರೆಯವರೇ ತುಂಬಿ ಕಳಿಸುತ್ತಾರೆ. ತಾಯಿಯ ಹೆಸರು, ತಂದೆಯ ಹೆಸರು, ಗಂಡೋ ಹೆಣ್ಣೋ, ಎಲ್ಲಿ, ಯಾವತ್ತು, ಎಲ್ಲದಕ್ಕೂ ಜಾಗ ಇದೆ. ಮಗುವಿನ ಹೆಸರಿಗೆ ಇಲ್ಲ. ನಾವು ಅವಳಿಗೆ ಹೆಸರಿಟ್ಟಿದ್ದೇವೆ. ಅದು ಮನೆಯೊಳಗೆ ಇದೆ.

ಆಸ್ಪತ್ರೆಯಿಂದ ಸೀದಾ ತೀರ್ಥಹಳ್ಳಿಗೆ ಹೋದೆವು. ಹೋದ ಮಾರನೇ ದಿನವೇ ಹಾಲು ಇಳಿಯಿತು. ಎದೆ ಕಲ್ಲಿನ ಹಾಗೆ ಗಟ್ಟಿಯಾಯಿತು. ಜ್ವರ ಬಂದ ಹಾಗೆ ಮೈ ಸುಡುತ್ತಿತ್ತು. ರವಿಕೆ ಒದ್ದೆ. ನಾನು ಬಚ್ಚಲಮನೆಯಲ್ಲಿ ಕೂತು ಬಾಯಿಗೆ ಸೆರಗು ಹಿಡಿದುಕೊಂಡು ಅತ್ತೆ. ಅಮ್ಮನಿಗೆ ಏನು ಮಾಡಬೇಕು ಅಂತ ತೋಚಲಿಲ್ಲ. ಅಕ್ಕನಿಗೆ ಫೋನ್ ಮಾಡಿದರು, ಅಂದರೆ ನನ್ನ ದೊಡ್ಡಮ್ಮನಿಗೆ.

ದೊಡ್ಡಮ್ಮ ಸಂಜೆಯ ಬಸ್ಸಿಗೆ ಬಂದರು. ಚೀಲದಲ್ಲಿ ಬಾಳೆ ಎಲೆಯಲ್ಲಿ ಕಟ್ಟಿದ ಮಲ್ಲಿಗೆ ಮೊಗ್ಗು. ಬಂದವರೇ ಕೈಕಾಲು ತೊಳೆದು ಹೂ ಕಟ್ಟಲು ಕೂತರು. ಮುಡಿಯಲು ಅಲ್ಲ. ದಪ್ಪಗೆ ಕಟ್ಟಿದ ಮಾಲೆಯನ್ನು ನನ್ನ ಎದೆಯ ಮೇಲೆ ಇಟ್ಟು, ಮೇಲೆ ಹತ್ತಿ ಬಟ್ಟೆ ಸುತ್ತಿದರು. ಹಾಲು ಬತ್ತಿಸಲು ಹಿಂದಿನಿಂದ ಹೀಗೇ ಮಾಡುತ್ತಿದ್ದುದು ಅಂದರು. ಬೆಳಿಗ್ಗೆ ಸಂಜೆ ಹೊಸ ಹೂ. ನನಗೆ ನಂಬಿಕೆ ಇರಲಿಲ್ಲ. ಆಮೇಲೆ ಹುಡುಕಿ ನೋಡಿದರೆ, ಮಲ್ಲಿಗೆಯನ್ನೂ ಹಾಲು ಬತ್ತಿಸುವ ಬ್ರೋಮೋಕ್ರಿಪ್ಟಿನ್ ಮಾತ್ರೆಯನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷಿಸಿದ ಅಧ್ಯಯನವೇ 1988ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಹೂವೂ ಹಾಲನ್ನು ಇಳಿಸಿತ್ತು. ಈಗ ಡಾಕ್ಟರುಗಳು ಸಾಮಾನ್ಯವಾಗಿ ಕೊಡುವುದು ಕ್ಯಾಬರ್ಗೋಲಿನ್. ಹೆರಿಗೆಯಾದ ಮೊದಲ ದಿನವೇ ತಗೊಂಡರೆ ಹಾಲು ಬರುವುದನ್ನೇ ತಡೆಯುತ್ತದೆ. ಬಿಪಿ ಇರುವವರಿಗೆ ಅದು ಆಗುವುದಿಲ್ಲ, ಅದಕ್ಕೇ ಡಾಕ್ಟರನ್ನು ಕೇಳಿಯೇ ತಗೋಬೇಕು. ತಣ್ಣೀರಿನ ಬಟ್ಟೆ, ಎದೆಗೆ ಆಸರೆ ಕೊಡುವ ಒಳ ಉಡುಪು, ನೋವಿಗೆ ಪ್ಯಾರಾಸಿಟಮಾಲ್. ಹಾಲನ್ನು ಪೂರ್ತಿ ಹಿಂಡಿ ತೆಗೆಯಬಾರದು, ತೆಗೆದಷ್ಟೂ ಬರುತ್ತದೆ. ತಡೆಯಲಾರದಷ್ಟು ನೋವಿದ್ದರೆ ಸ್ವಲ್ಪ ಮಾತ್ರ. ಎದೆ ಕೆಂಪಾಗಿ ಚಳಿಜ್ವರ ಬಂದರೆ ಸುಮ್ನೆ ಕೂರಬಾರದು. ಕೆಲವು ತಾಯಂದಿರು ಆ ಹಾಲನ್ನು ಹಾಲಿನ ಬ್ಯಾಂಕಿಗೆ ಕೊಡುತ್ತಾರೆ, ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೆ ಅದು ಹೋಗುತ್ತದೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಅಂಥದ್ದು ಇದೆ. ನನಗೆ ಆಗ ಅದು ಗೊತ್ತಿದ್ದರೂ ಮಾಡಲು ಆಗುತ್ತಿರಲಿಲ್ಲ ಅನ್ನಿಸುತ್ತದೆ. ಮಾಡಿದವರ ಬಗ್ಗೆ ನನಗೆ ತುಂಬ ಗೌರವ.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಬಚ್ಚಲ ಒಲೆಗೆ ಬೆಂಕಿ ಹಾಕಿದರು. ಹಂಡೆ ತುಂಬ ನೀರು. ಪಕ್ಕದ ಮನೆಯವರು ಬೇಲಿಯಾಚೆಯಿಂದ, "ಮಗೂನೇ ಇಲ್ಲ, ಇನ್ನು ಬಾಣಂತನ ಯಾರಿಗೆ?" ಅಂತ ಕೇಳಿದ್ದು ನನಗೂ ಕೇಳಿಸಿತು. ದೊಡ್ಡಮ್ಮ ತಿರುಗಿಯೂ ನೋಡದೆ, "ಹೆತ್ತ ಮೈ ಕಣೇ ಅದು. ಸೊಂಟಕ್ಕೆ ಗೊತ್ತಾಗತ್ತಾ ಕೂಸು ಬದುಕ್ತೋ ಇಲ್ವೋ ಅಂತ?" ಅಂದರು.

ಅಷ್ಟೇ ಮಾತು. ನನಗೆ ಬೇಕಿದ್ದದ್ದು ಅದೇ.

ಎಲ್ಲ ಬಾಣಂತಿಯರಿಗೆ ಮಾಡುವುದನ್ನು ನನಗೂ ಮಾಡಿದರು. ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಲೆಗೆ, ಬೆನ್ನಿಗೆ, ಕಾಲಿಗೆ ತಿಕ್ಕಿದರು. ಬಿಸಿನೀರನ್ನು ಸೊಂಟಕ್ಕೆ ಹುಯ್ದರು. ತಲೆಗೆ ಸಾಂಬ್ರಾಣಿ ಹೊಗೆ ಹಿಡಿದರು. ಹೊಟ್ಟೆಗೆ ಹಳೇ ಹತ್ತಿ ಸೀರೆ ಬಿಗಿದರು. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಕಾಳುಮೆಣಸಿನ ಸಾರು, ಮೆತ್ತಗಿನ ಅನ್ನ, ತುಪ್ಪ. ಸಬ್ಬಸಿಗೆ, ಮೆಂತ್ಯದಂಥ ಹಾಲು ಹೆಚ್ಚಿಸುವ ಪದಾರ್ಥವನ್ನೆಲ್ಲ ಮಾತ್ರ ಲೆಕ್ಕ ಹಾಕಿ ಬಿಟ್ಟರು. ಅದನ್ನು ಹೇಳದೆ ಮಾಡಿದರು. ತಟ್ಟೆ ನೋಡಿ ನನಗೇ ಗೊತ್ತಾಯಿತು. ಬಾಣಂತಿ ನೀರು ಜಾಸ್ತಿ ಕುಡಿಯಬಾರದು ಅನ್ನುವ ಹಳೇ ಕಟ್ಟನ್ನು ನಾನು ಕೇಳಲಿಲ್ಲ, ಅವರೂ ಒತ್ತಾಯ ಮಾಡಲಿಲ್ಲ.

ಆ ಎಣ್ಣೆ ಸ್ನಾನದ ಹೊತ್ತಿನಲ್ಲೇ ನಾನು ಮಾತಾಡಲು ಶುರು ಮಾಡಿದ್ದು. ಎದುರಿಗೆ ಮುಖ ಇರುವುದಿಲ್ಲ, ಬೆನ್ನ ಹಿಂದೆ ಕೈ ಇರುತ್ತದೆ. ಮಗುವಿನ ಕೂದಲಿನ ಬಗ್ಗೆ ಹೇಳಿದೆ, ಮೂಗಿನ ಬಗ್ಗೆ ಹೇಳಿದೆ. ದೊಡ್ಡಮ್ಮ ಕೇಳುತ್ತಾ ಕೇಳುತ್ತಾ, "ನಂದೂ ಒಂದು ಹೋಗಿತ್ತು. ಗಂಡು. ಆಗ ನಿನ್ನಮ್ಮ ಹೈಸ್ಕೂಲು" ಅಂದರು. ನನಗೆ ಗೊತ್ತೇ ಇರಲಿಲ್ಲ. ಅವರ ಮಕ್ಕಳಿಗೂ ಗೊತ್ತಿರಲಿಲ್ಲ. ಆಮೇಲೆ ಒಬ್ಬೊಬ್ಬರದೇ ಹೊರಗೆ ಬಂತು. ಸೋದರತ್ತೆಗೆ ಐದನೇ ತಿಂಗಳಲ್ಲಿ. ಅಂಗಡಿಯವರ ಹೆಂಡತಿಗೆ ಹುಟ್ಟಿದ ವಾರದಲ್ಲಿ. ಹಾಲು ಕೊಡಲು ಬರುವವರಿಗೆ ಎರಡು ಸಲ. 2020ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಒಂದು ಅಂದಾಜು ಕೊಟ್ಟಿದ್ದವು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಮಕ್ಕಳು 28 ವಾರ ತುಂಬಿದ ಮೇಲೆ ಸತ್ತು ಹುಟ್ಟುತ್ತವೆ, 16 ಸೆಕೆಂಡಿಗೆ ಒಂದು. ಸಂಖ್ಯೆಯಲ್ಲಿ ನಮ್ಮ ದೇಶವೇ ಮೊದಲು. ಅದನ್ನು ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ನಮ್ಮದೊಂದು ಬೀದಿಯಲ್ಲೇ ಇಷ್ಟು ಜನ ಇದ್ದರಲ್ಲ.

ಸಮಾಧಾನ ಹೇಳಲು ಬಂದವರ ಮಾತು ಬೇರೆಯೇ ಇತ್ತು. "ಇನ್ನೂ ವಯಸ್ಸಿದೆ, ಇನ್ನೊಂದು ಆಗತ್ತೆ ಬಿಡು." "ಹುಟ್ಟಿ ಹೋಗೋದಕ್ಕಿಂತ ಇದೇ ವಾಸಿ." "ಗ್ರಹಣದ ದಿನ ಹೊರಗೆ ಹೋಗಿದ್ಯಾ?" "ಅಷ್ಟು ದೂರ ಬಸ್ಸಲ್ಲಿ ಬಂದು ಸೀಮಂತ ಮಾಡಿಸ್ಕೋಬಾರದಿತ್ತು." ಪಪ್ಪಾಯಿಯ ಮಾತು ಬಂತು, ಮೆಟ್ಟಿಲಿನ ಮಾತು ಬಂತು. ಒಂದೊಂದನ್ನೂ ನಾನು ರಾತ್ರಿ ಮಲಗಿ ಮತ್ತೆ ಮತ್ತೆ ಲೆಕ್ಕ ಹಾಕುತ್ತಿದ್ದೆ.

ಆ ಲೆಕ್ಕದಿಂದ ನನ್ನನ್ನು ಬಿಡಿಸಿದ್ದು ಒಂದು ಲ್ಯಾಬ್ ರಿಪೋರ್ಟು. ಹೆರಿಗೆಯ ದಿನವೇ ಡಾಕ್ಟರು ಮಾಸನ್ನು, ಅಂದರೆ ಹೊಟ್ಟೆಯಲ್ಲಿ ಮಗುವನ್ನು ಪೋಷಿಸುವ ಪ್ಲಾಸೆಂಟಾವನ್ನು, ಪರೀಕ್ಷೆಗೆ ಕಳಿಸಲು ನಮ್ಮ ಒಪ್ಪಿಗೆ ಕೇಳಿದ್ದರು. ಮಗುವಿನ ಶವಪರೀಕ್ಷೆಯನ್ನೂ ಕೇಳಿದ್ದರು. ಅದು ಬೇಡ ಎಂದೆವು, ಮಾಸಿಗೆ ಹೂಂ ಅಂದೆವು. ಮಾಸಿನಲ್ಲಿ ಅಲ್ಲಲ್ಲಿ ರಕ್ತ ಹೆಪ್ಪುಗಟ್ಟಿ ಆ ಭಾಗ ಸತ್ತುಹೋಗಿತ್ತು. ಆಮೇಲೆ ನನ್ನ ರಕ್ತ ಪರೀಕ್ಷೆ. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಇರಬಹುದು ಎಂದರು. ಮೈಯೇ ತಯಾರಿಸುವ ಕೆಲವು ಪ್ರತಿಕಾಯಗಳಿಂದ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ, ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಒಂದೇ ಪರೀಕ್ಷೆಯಿಂದ ಅದನ್ನು ತೀರ್ಮಾನ ಮಾಡುವುದಿಲ್ಲ. ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಬೇಕು. ಎರಡನೇ ಸಲವೂ ಹಾಗೇ ಬಂತು. ಮುಂದೆ ಬಸಿರಾದರೆ ಕಡಿಮೆ ಡೋಸಿನ ಆಸ್ಪಿರಿನ್ ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ತಗೊಳ್ಳಬೇಕಾಗುತ್ತದೆ.

ಪಪ್ಪಾಯಿ ಅಲ್ಲ. ಗ್ರಹಣ ಅಲ್ಲ. ಬಸ್ಸೂ ಅಲ್ಲ. ಆ ರಿಪೋರ್ಟನ್ನು ಮನೆಯಲ್ಲಿ ಎಲ್ಲರ ಮುಂದೆ ನಾನೇ ಜೋರಾಗಿ ಓದಿದೆ. ಎಷ್ಟೋ ಜನರಿಗೆ ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗುವುದಿಲ್ಲ, ಅದು ನನಗೆ ಗೊತ್ತು. ಕಾರಣ ಸಿಗಲಿಲ್ಲ ಅಂದ ಮಾತ್ರಕ್ಕೆ ತಪ್ಪು ತಾಯಿಯದು ಅಂತಲೂ ಅಲ್ಲ. ಆದರೆ ಆ ಹೊತ್ತಿನಲ್ಲಿ ಎಷ್ಟೇ ಸಂಕಟ ಇದ್ದರೂ ಮಾಸನ್ನಾದರೂ ಪರೀಕ್ಷೆಗೆ ಕಳಿಸಿ. ಆಮೇಲೆ ಬೇಕು ಅಂದರೆ ಸಿಗುವುದಿಲ್ಲ.

ಮೈ ಸುಧಾರಿಸಿತು. ನಿದ್ದೆ ಮಾತ್ರ ಬರಲಿಲ್ಲ. ಬಸಿರಿಗೆಂದು ಫೋನಿನಲ್ಲಿ ಹಾಕಿಕೊಂಡಿದ್ದ ಆ್ಯಪ್ ಮಗುವಿಗೆ ಈಗ ಇಷ್ಟು ವಾರ ಅಂತ ಸಂದೇಶ ಕಳಿಸುತ್ತಲೇ ಇತ್ತು. ಇವರು ಅದನ್ನು ತೆಗೆದುಹಾಕಿದರು. ಒಂದು ರಾತ್ರಿ ನನಗೆ ಬದುಕಿರುವುದೇ ಬೇಡ ಅನ್ನುವ ಯೋಚನೆ ತುಂಬ ಗಟ್ಟಿಯಾಗಿ ಬಂತು. ಪಕ್ಕದಲ್ಲಿ ಮಲಗಿದ್ದ ಅಮ್ಮನನ್ನು ಎಬ್ಬಿಸಿ ಹೇಳಿದೆ. ಅಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ನೋಡಿದ್ದ ನಂಬರು ನೆನಪಿತ್ತಂತೆ, 14416. ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗಳಿಗೆ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಗಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಕನ್ನಡ ಆರಿಸಿಕೊಂಡೆ. ಆ ಕಡೆಯ ಹೆಣ್ಣುಮಗಳು ಮೊದಲು ಕೇಳಿದ್ದು ಈಗ ನಿಮ್ಮ ಜೊತೆ ಯಾರಿದ್ದಾರೆ ಅಂತ. ಆಮೇಲೆ, "ಮಗು ಬಗ್ಗೆ ಹೇಳ್ತೀರಾ?" ಅಂದರು. ತುಂಬ ಹೊತ್ತು ಮಾತಾಡಿದೆ. ಅವರು ಇನ್ನೊಂದು ಮಗು ಆಗುತ್ತದೆ ಅಂತ ಒಂದು ಸಲವೂ ಹೇಳಲಿಲ್ಲ. ಬೆಳಗಾದ ಮೇಲೆ ಡಾಕ್ಟರನ್ನು ನೋಡಲೇಬೇಕು ಅಂದರು. ಹೋದೆವು.

ಬೆಂಗಳೂರಿಗೆ ಬಂದ ಮೇಲೆ ನಿಮ್ಹಾನ್ಸ್‌ಗೆ ತೋರಿಸಿಕೊಂಡೆ. ಬಸುರಿ ಬಾಣಂತಿಯರ ಮನಸ್ಸಿನ ಕಾಯಿಲೆಗಳಿಗೆ ಅಲ್ಲಿ ಪ್ರತ್ಯೇಕ ವ್ಯವಸ್ಥೆ ಇದೆ. ತಾಯಿಯನ್ನೂ ಮಗುವನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡು 2009ರಿಂದಲೇ ನಡೆಯುತ್ತಿದೆ. ಅಲ್ಲಿ ಮಕ್ಕಳನ್ನು ನೋಡಬೇಕಾಗುತ್ತದೆ ಅಂತ ನನಗೆ ಭಯ ಇತ್ತು. ಅದನ್ನು ಹೇಳಿದೆ. ನನ್ನನ್ನು ಬೇರೆ ಕೋಣೆಯಲ್ಲಿ ಕೂರಿಸಿದರು. ಹೇಳಿದರೆ ಮಾಡುತ್ತಾರೆ, ಹೇಳಬೇಕು. ಹೋದ ಏಳು ದಿನ ಹೇಗಿದ್ದೆ ಅನ್ನುವ ಬಗ್ಗೆ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಎಡಿನ್‌ಬರೋದಲ್ಲಿ ಮಾಡಿದ್ದು, ಕನ್ನಡದಲ್ಲೂ ಇದೆ. ಕೊನೆಯ ಪ್ರಶ್ನೆ ನಮ್ಮನ್ನು ನಾವೇ ನೋಯಿಸಿಕೊಳ್ಳುವ ಯೋಚನೆಯ ಬಗ್ಗೆ. ಬರೆಯುವಾಗ ಕೈ ನಡುಗಿತು, ಆದರೂ ನಿಜವನ್ನೇ ಬರೆದೆ. ದುಃಖ ಕಾಯಿಲೆಯಲ್ಲ, ಅದಕ್ಕೆ ಔಷಧಿ ಇಲ್ಲ, ಆದರೆ ಈ ನಿದ್ದೆಗೆಟ್ಟ ರಾತ್ರಿಗಳಿಗೆ, ಸಾಯಬೇಕು ಅನ್ನಿಸುವುದಕ್ಕೆ ಔಷಧಿ ಇದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಕೆಲವು ತಿಂಗಳು ಮಾತ್ರೆ ತಗೊಂಡೆ. ಜೊತೆಗೆ ಕೌನ್ಸೆಲಿಂಗ್. ದೂರದ ಊರಿನವರು ನಿಮ್ಹಾನ್ಸ್‌ವರೆಗೆ ಬರಲೇಬೇಕು ಅಂತಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಬರುತ್ತಾರೆ.

ಆ ಡಾಕ್ಟರು ಇನ್ನೊಂದು ಕೆಲಸ ಮಾಡಿದರು. ಇವರ ಕಡೆ ತಿರುಗಿ, "ನೀವು ಹೇಗಿದ್ದೀರಿ?" ಅಂದರು. ಅಲ್ಲಿಯವರೆಗೆ ಎಲ್ಲರೂ ಇವರನ್ನು ಕೇಳಿದ್ದು ಅವಳು ಹೇಗಿದ್ದಾಳೆ ಅಂತ. ಗುಂಡಿಗೆ ಮಗುವನ್ನು ಇಳಿಸಿದ್ದು ಇವರ ಕೈ. ವಾರ ತುಂಬುವ ಮೊದಲೇ ಆಫೀಸಿಗೆ ಹೋದವರೂ ಇವರೇ, ರಜೆ ಇರಲಿಲ್ಲ. ಆ ಕುರ್ಚಿಯಲ್ಲಿ ಇವರು ಅತ್ತರು. ನಾನು ಮೊದಲ ಸಲ ನೋಡಿದ್ದು.

ನನ್ನ ರಜೆಯ ಕಥೆಯನ್ನೂ ಹೇಳಿಬಿಡುತ್ತೇನೆ, ಬೇರೆಯವರಿಗೆ ಉಪಯೋಗಕ್ಕೆ ಬರುತ್ತದೆ. ನಾನು ಕೆಲಸ ಮಾಡುವ ಕಂಪನಿ ಆರು ವಾರ ರಜೆ ಅಂದಿತು, ಅಬಾರ್ಷನ್‌ಗೆ ಕೊಡುವಷ್ಟು. ನನ್ನ ಕೌನ್ಸೆಲರ್ ಕಾನೂನು ಓದಿ ನೋಡಿ ಎಂದರು. ಆಗ ನನಗೆ ಅನ್ವಯವಾಗುತ್ತಿದ್ದದ್ದು 1961ರ ಹೆರಿಗೆ ಸೌಲಭ್ಯ ಕಾಯ್ದೆ. ಅದರ 3ನೇ ಸೆಕ್ಷನ್ನಿನಲ್ಲಿ, ಮಗು ಅಂದರೆ ಸತ್ತು ಹುಟ್ಟಿದ ಮಗುವೂ ಸೇರುತ್ತದೆ ಅಂತ ಸ್ಪಷ್ಟವಾಗಿ ಇದೆ. ಹಾಗಾಗಿ ನನ್ನದೂ ಹೆರಿಗೆಯೇ. 2017ರ ತಿದ್ದುಪಡಿಯ 26 ವಾರದ ರಜೆ ನನಗೂ ಬರಬೇಕು. ಆರು ವಾರದ ನಿಯಮ ಬಸಿರಿನ 26ನೇ ವಾರದ ಒಳಗೆ ಗರ್ಭಪಾತವಾದವರಿಗೆ. ಪುಟವನ್ನು ಪ್ರಿಂಟ್ ತೆಗೆದು ಕಳಿಸಿದೆ. ಒಪ್ಪಿದರು. ಕೇಂದ್ರ ಸರ್ಕಾರದ ನೌಕರರಿಗೆ 2022ರ ಸೆಪ್ಟೆಂಬರಿನ ಆದೇಶದಲ್ಲಿ 60 ದಿನಗಳ ವಿಶೇಷ ರಜೆ ಇದೆ, ಮಗು ಹುಟ್ಟಿದ 28 ದಿನದೊಳಗೆ ತೀರಿಕೊಂಡರೂ ಅದು ಸಿಗುತ್ತದೆ. ರಜೆ ಸಿಕ್ಕಿತು ಅನ್ನುವುದಕ್ಕಿಂತ, ಹೆತ್ತಿದ್ದೇನೆ ಅಂತ ಒಂದು ಕಾಯ್ದೆಯಾದರೂ ಒಪ್ಪಿಕೊಂಡಿತಲ್ಲ, ಅದು ನನಗೆ ದೊಡ್ಡದಾಯಿತು.

ಅಕ್ಟೋಬರ್ 15ನ್ನು ಹಲವು ದೇಶಗಳಲ್ಲಿ ಇಂಥ ಮಕ್ಕಳ ನೆನಪಿಗೆ ಇಟ್ಟಿದ್ದಾರೆ. ಸಂಜೆ ಏಳಕ್ಕೆ ಒಂದು ಗಂಟೆ ಹೊತ್ತು ದೀಪ ಹಚ್ಚುತ್ತಾರೆ. ಕ್ರಿಯೆಯೇ ಇಲ್ಲ ಅಂದಿದ್ದ ನಮ್ಮ ಮನೆಯಲ್ಲಿ ಅವತ್ತು ಹಣತೆ ಹಚ್ಚಿ ಅವಳ ಹೆಸರು ಹೇಳುತ್ತೇವೆ. ಮೊದಲ ವರ್ಷ ನಾವಿಬ್ಬರೇ ಇದ್ದೆವು. ಮರುವರ್ಷ ಅತ್ತೆಯೂ ಬಂದು ಕೂತರು. ದೊಡ್ಡಮ್ಮ ಊರಿನಲ್ಲಿ ತಮ್ಮ ಗಂಡುಮಗುವಿಗೆ ಒಂದು ಹಚ್ಚಿದರಂತೆ, ಇಷ್ಟು ವರ್ಷದ ಮೇಲೆ.

ಈಗ ಪರಿಚಯದವರಲ್ಲಿ ಯಾರಿಗಾದರೂ ಹೀಗಾದರೆ ನನಗೆ ಫೋನ್ ಬರುತ್ತದೆ. ನಾನು ಮೊದಲು ಕೇಳುವುದು ಹಾಲು ಬಂತಾ, ಊಟ ಯಾರು ಮಾಡಿ ಹಾಕುತ್ತಿದ್ದಾರೆ, ಸ್ನಾನಕ್ಕೆ ನೀರು ಯಾರು ಹುಯ್ಯುತ್ತಿದ್ದಾರೆ ಅಂತ. ಮನಸ್ಸಿನ ವಿಷಯ ಆಮೇಲೆ ತಾನಾಗಿ ಬರುತ್ತದೆ. ಹತ್ತಿರದಲ್ಲಿದ್ದರೆ ಸಾರು ಮಾಡಿಕೊಂಡು ಹೋಗುತ್ತೇನೆ.

ನಾನು ಹೆತ್ತ ಆಸ್ಪತ್ರೆಗೂ ಒಂದು ಕಾಗದ ಬರೆದು ಕೊಟ್ಟೆ. ಮನೆಗೆ ಕಳಿಸುವ ಮುಂಚೆ ಹಾಲಿನ ಬಗ್ಗೆ ಹೇಳಬೇಕು, ಮಗುವನ್ನು ನೋಡುತ್ತೀರಾ ಎಂದು ತಾಯಿಯನ್ನೂ ತಂದೆಯನ್ನೂ ಕೇಳಬೇಕು, ಇಂಥ ತಾಯಂದಿರಿಗೆ ಹೆರಿಗೆ ವಾರ್ಡಿನಿಂದ ದೂರದಲ್ಲಿ ಒಂದು ಹಾಸಿಗೆ ಬೇಕು. ಮೊದಲನೆಯದು ಆಗಿದೆ, ಈಗ ಅವರ ಡಿಸ್ಚಾರ್ಜ್ ಕಾಗದದಲ್ಲಿ ಹಾಲಿನ ಬಗ್ಗೆ ನಾಲ್ಕು ಸಾಲು ಇದೆ. ಎರಡನೆಯದನ್ನು ಆ ಹಿರಿಯ ನರ್ಸ್ ಹೊಸಬರಿಗೆ ಕಲಿಸುತ್ತಿದ್ದಾರೆ. ಹಾಸಿಗೆಗೆ ಜಾಗ ಇಲ್ಲ ಎಂದಿದ್ದಾರೆ. ಮೇಲಿನ ಮಹಡಿಯಲ್ಲಿ ಸಾಮಾನು ತುಂಬಿದ ಒಂದು ಕೋಣೆ ಇದೆ, ನಾನು ನೋಡಿ ಬಂದಿದ್ದೇನೆ. ಮುಂದಿನ ತಿಂಗಳು ಹೋಗಿ ಮತ್ತೆ ಕೇಳುತ್ತೇನೆ.